ಪ್ಲಾಸ್ಟಿಕ್ ಒಪ್ಪಂದದ ಮಾತುಕತೆಗಳನ್ನು ಓದುವ ಬಗೆ

ಪ್ಲಾಸ್ಟಿಕ್ ಮಾಲಿನ್ಯವನ್ನು ಕೊನೆಗಾಣಿಸಲು ಜಗತ್ತಿನ ದೇಶಗಳು ನಡೆಸುತ್ತಿರುವ ಮಾತುಕತೆಯ ಬಗ್ಗೆ ನಮ್ಮಲ್ಲಿ ಬರುವ ಸುದ್ದಿ ಸಾಮಾನ್ಯವಾಗಿ ಎರಡೇ ಬಗೆಯದು: ಸಭೆ ಆರಂಭವಾಯಿತು ಎಂಬುದು ಒಂದು, ಒಮ್ಮತ ಮೂಡಲಿಲ್ಲ ಎಂಬುದು ಇನ್ನೊಂದು. ಈ ಎರಡರ ನಡುವೆ ಯಾವ ವಾಕ್ಯಕ್ಕಾಗಿ ಯಾರು ಪಟ್ಟು ಹಿಡಿದರು, ಭಾರತ ಏನನ್ನು ಕೇಳಿತು, ಏನನ್ನು ಬೇಡವೆಂದಿತು ಎಂಬುದು ತಿಳಿಯಬೇಕಾದರೆ ಮೂಲ ದಾಖಲೆಗಳನ್ನೇ ಓದಬೇಕಾಗುತ್ತದೆ. ಅವು ಗುಟ್ಟಿನ ಕಾಗದಗಳಲ್ಲ, ಬಹುತೇಕ ಎಲ್ಲವೂ ಅಂತರ್ಜಾಲದಲ್ಲಿ ಸಿಗುತ್ತವೆ. ಆದರೆ ಕ್ರಮ ತಿಳಿಯದೆ ಕೈಗೆತ್ತಿಕೊಂಡವರು ಹತ್ತನೆಯ ಪುಟದಲ್ಲಿಯೇ ಕೈಬಿಡುವುದು ಸಹಜ. ಪರಿಸರ ವರದಿಗಾರರಿಗೆ, ಕಾನೂನು ವಿದ್ಯಾರ್ಥಿಗಳಿಗೆ, ಕಸ ನಿರ್ವಹಣೆಯ ಕೆಲಸದಲ್ಲಿ ತೊಡಗಿರುವವರಿಗೆ ಆ ಕ್ರಮವನ್ನು ತಿಳಿಸುವುದು ಈ ಬರಹದ ಉದ್ದೇಶ.

ಓದನ್ನು ಆರಂಭಿಸಬೇಕಾದದ್ದು ಕರಡು ಒಪ್ಪಂದದಿಂದಲ್ಲ, ಈ ಮಾತುಕತೆಗೆ ಅಧಿಕಾರ ಕೊಟ್ಟ ನಿರ್ಣಯದಿಂದ. 2022ರ ಮಾರ್ಚ್ 2ರಂದು ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಮಹಾಸಭೆಯು 5/14 ಸಂಖ್ಯೆಯ ನಿರ್ಣಯವನ್ನು ಅಂಗೀಕರಿಸಿತು. ಅದರ ಹಿಂದೆ ಮೂರು ಬೇರೆ ಬೇರೆ ಪ್ರಸ್ತಾವಗಳಿದ್ದವು: ರುವಾಂಡಾ ಮತ್ತು ಪೆರು ದೇಶಗಳದು ಉತ್ಪಾದನೆಯಿಂದ ವಿಲೇವಾರಿಯವರೆಗಿನ ಪ್ಲಾಸ್ಟಿಕ್ಕಿನ ಪೂರ್ಣ ಜೀವನಚಕ್ರವನ್ನು ಒಳಗೊಳ್ಳುವಂಥದ್ದು, ಜಪಾನಿನದು ಸಮುದ್ರದ ಪ್ಲಾಸ್ಟಿಕ್ಕಿಗೆ ಒತ್ತು ಕೊಟ್ಟದ್ದು, ಭಾರತದ್ದು ಏಕಬಳಕೆಯ ವಸ್ತುಗಳ ಬಗ್ಗೆ ಸ್ವಯಂಪ್ರೇರಿತ ಕ್ರಮಗಳನ್ನು ಬಯಸಿದ್ದು. ಕೊನೆಗೆ ಬಂದ ಪಠ್ಯವು ಕಾನೂನಿನ ಬಂಧನವುಳ್ಳ ಒಪ್ಪಂದ ಬೇಕೆಂದೂ, ಅದು ಪೂರ್ಣ ಜೀವನಚಕ್ರವನ್ನು ಗಮನಿಸಬೇಕೆಂದೂ ಹೇಳುತ್ತದೆ. ಅದೇ ಉಸಿರಿನಲ್ಲಿ ಬಂಧನಕಾರಿ ಮತ್ತು ಸ್ವಯಂಪ್ರೇರಿತ ಎರಡೂ ಮಾರ್ಗಗಳಿರಬಹುದೆಂದೂ, ಆಯಾ ದೇಶದ ಪರಿಸ್ಥಿತಿ ಮತ್ತು ಸಾಮರ್ಥ್ಯವನ್ನು ಪರಿಗಣಿಸಬೇಕೆಂದೂ ಸೇರಿಸುತ್ತದೆ. ಇಂದು ಪರಸ್ಪರ ವಿರುದ್ಧ ನಿಂತಿರುವ ಎರಡೂ ಪಕ್ಷಗಳು ತಮ್ಮ ವಾದಕ್ಕೆ ಆಧಾರವಾಗಿ ಉಲ್ಲೇಖಿಸುವುದು ಇದೇ ನಿರ್ಣಯವನ್ನು. ಯಾವುದೇ ದೇಶದ ಪ್ರತಿನಿಧಿಯು ಇದು ನಮಗೆ ಕೊಟ್ಟ ಅಧಿಕಾರದ ವ್ಯಾಪ್ತಿಯಲ್ಲಿಲ್ಲ ಎಂದಾಗ, ಈ ಕೆಲವೇ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡು ಅವರು ಯಾವ ಅರ್ಧವನ್ನು ಓದಿ ಯಾವ ಅರ್ಧವನ್ನು ಬಿಟ್ಟರು ಎಂದು ನೋಡಬಹುದು.

ಸಭೆಗಳ ಸರಣಿಯನ್ನು ನೆನಪಿಡುವುದು ಕಷ್ಟವಲ್ಲ. ಮಾತುಕತೆ ನಡೆಸುವ ಅಂತರಸರ್ಕಾರಿ ಸಮಿತಿಯನ್ನು ಐಎನ್‌ಸಿ ಎಂದು ಕರೆಯುತ್ತಾರೆ. ಅದು 2022ರ ನವೆಂಬರಿನಲ್ಲಿ ಉರುಗ್ವೆಯಲ್ಲಿ, 2023ರಲ್ಲಿ ಪ್ಯಾರಿಸ್ ಮತ್ತು ನೈರೋಬಿಯಲ್ಲಿ, 2024ರಲ್ಲಿ ಕೆನಡಾದ ಒಟ್ಟಾವಾ ಮತ್ತು ದಕ್ಷಿಣ ಕೊರಿಯಾದ ಬೂಸಾನಿನಲ್ಲಿ ಸೇರಿತು. 2024ರ ಅಂತ್ಯದೊಳಗೆ ಕೆಲಸ ಮುಗಿಯಬೇಕೆಂಬುದು ನಿರ್ಣಯದ ಆಶಯವಾಗಿತ್ತು. ಬೂಸಾನಿನಲ್ಲಿ ಮುಗಿಯಲಿಲ್ಲ, ಅದೇ ಅಧಿವೇಶನದ ಮುಂದುವರಿದ ಭಾಗವಾಗಿ 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಸೇರಿದರೂ ಒಪ್ಪಂದವಾಗಲಿಲ್ಲ. ಅಧ್ಯಕ್ಷರಾಗಿದ್ದ ಈಕ್ವೆಡಾರಿನ ಲೂಯಿಸ್ ವಾಯಾಸ್ ವಾಲ್ಡಿವಿಯೆಸೊ ಆ ಬಳಿಕ ಹುದ್ದೆ ತೊರೆದರು. 2026ರ ಫೆಬ್ರುವರಿಯಲ್ಲಿ ಜಿನೀವಾದಲ್ಲಿ ನಡೆದ ಒಂದು ದಿನದ ಸಭೆ ಚಿಲಿಯ ಹೂಲಿಯೊ ಕೊರ್ಡಾನೊ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು.

ನಿಯಮಾವಳಿಯನ್ನು ಮೊದಲು ನೋಡಿ

ಇನ್ನು ಎಲ್ಲರೂ ಹಾರಿಸಿಬಿಡುವ, ಆದರೆ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಗದಕ್ಕೆ ಬರೋಣ. ಅದು ಸಮಿತಿಯ ಕಾರ್ಯವಿಧಾನದ ನಿಯಮಾವಳಿ. ಅದರ 38ನೆಯ ಕರಡು ನಿಯಮದ ಪ್ರಕಾರ, ಮಹತ್ವದ ವಿಷಯಗಳಲ್ಲಿ ಒಮ್ಮತಕ್ಕಾಗಿ ಎಲ್ಲ ಪ್ರಯತ್ನಗಳನ್ನೂ ಮಾಡಬೇಕು. ಅವೆಲ್ಲ ವಿಫಲವಾದರೆ ಕೊನೆಯ ಉಪಾಯವಾಗಿ, ಹಾಜರಿದ್ದು ಮತ ಹಾಕುವ ಸದಸ್ಯರ ಮೂರನೆಯ ಎರಡರಷ್ಟು ಬಹುಮತದಿಂದ ನಿರ್ಧಾರ ಕೈಗೊಳ್ಳಬಹುದು. ಪ್ಯಾರಿಸ್ ಅಧಿವೇಶನದ ಐದು ದಿನಗಳಲ್ಲಿ ಸುಮಾರು ಎರಡು ದಿನಗಳು ಈ ಒಂದು ವಾಕ್ಯದ ಜಗಳದಲ್ಲಿಯೇ ಕಳೆದುಹೋದವು. ಸೌದಿ ಅರೇಬಿಯಾ, ರಷ್ಯಾ, ಚೀನಾ, ಇರಾನ್ ಜೊತೆಗೆ ಭಾರತವೂ ಮತದಾನವನ್ನು ವಿರೋಧಿಸಿತು. ಕೊನೆಗೆ ಈ ನಿಯಮದ ಬಗ್ಗೆ ಸದಸ್ಯರಲ್ಲಿ ಭಿನ್ನಾಭಿಪ್ರಾಯವಿದೆ ಎಂಬ ಒಂದು ವಿವರಣಾತ್ಮಕ ಹೇಳಿಕೆಯನ್ನು ದಾಖಲಿಸಿ, ನಿಯಮಾವಳಿಯನ್ನು ತಾತ್ಕಾಲಿಕವಾಗಿ ಅನ್ವಯಿಸಿಕೊಂಡು ಮುಂದೆ ಹೋದರು. ಅಂದರೆ ಮತದಾನದ ಬಾಗಿಲು ಮುಚ್ಚಿಯೂ ಇಲ್ಲ, ಅದನ್ನು ತಳ್ಳುವ ಧೈರ್ಯ ಯಾರಿಗೂ ಬಂದಿಲ್ಲ.

ಇದರ ಪರಿಣಾಮವನ್ನು ಅರಿಯದೆ ಬೂಸಾನ್ ಮತ್ತು ಜಿನೀವಾಗಳ ಸೋಲನ್ನು ಅರ್ಥಮಾಡಿಕೊಳ್ಳಲಾಗದು. ನೂರಕ್ಕೂ ಹೆಚ್ಚು ದೇಶಗಳು ಒಂದು ಪ್ರಸ್ತಾವಕ್ಕೆ ಸಹಿ ಹಾಕಿದರೂ ಹತ್ತು ದೇಶಗಳು ಒಪ್ಪದಿದ್ದರೆ ಅದು ನಿಲ್ಲುತ್ತದೆ ಎಂಬುದು ಒಂದು ಮುಖ. ಮತ ಹಾಕಿ ಗೆದ್ದರೂ ದೊಡ್ಡ ಉತ್ಪಾದಕ ದೇಶಗಳು ಒಪ್ಪಂದದ ಹೊರಗೆ ಉಳಿದರೆ ಗೆಲುವಿಗೆ ಅರ್ಥವೇನು ಎಂಬುದು ಇನ್ನೊಂದು ಮುಖ. ಕೆಲವು ದೇಶಗಳು ಬೇರೆಯಾಗಿ ಒಪ್ಪಂದ ಮಾಡಿಕೊಳ್ಳಲಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ನೆಲಬಾಂಬುಗಳ ನಿಷೇಧ ಒಪ್ಪಂದ 1997ರಲ್ಲಿ ಹಾಗೆಯೇ ಆಯಿತು. ಅಮೆರಿಕ, ರಷ್ಯಾ, ಚೀನಾ, ಭಾರತ ಇಂದಿಗೂ ಅದರ ಹೊರಗಿವೆ. ಆದ್ದರಿಂದ ಮುಂದಿನ ಅಧಿವೇಶನದ ವರದಿಯಲ್ಲಿ 38ನೆಯ ನಿಯಮದ ಪ್ರಸ್ತಾಪವಾಗಿದೆಯೇ ಎಂದು ಮೊದಲು ಹುಡುಕುವುದು ಒಳ್ಳೆಯದು.

ಕರಡನ್ನು ಓದುವಾಗ

ಕರಡು ಒಪ್ಪಂದವನ್ನು ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ಚೌಕ ಆವರಣಗಳು. ಆವರಣದೊಳಗಿರುವ ಪದ, ವಾಕ್ಯ ಅಥವಾ ಇಡೀ ವಿಧಿಯ ಬಗ್ಗೆ ಇನ್ನೂ ಒಪ್ಪಿಗೆಯಾಗಿಲ್ಲವೆಂದು ಅರ್ಥ. ಬೂಸಾನಿನಲ್ಲಿ 2024ರ ಡಿಸೆಂಬರ್ 1ರಂದು ಅಧ್ಯಕ್ಷರು ಮುಂದಿಟ್ಟ ಪಠ್ಯದಲ್ಲಿ ಇಂತಹ ಆವರಣಗಳು 370ರಷ್ಟಿದ್ದವು. ಜಿನೀವಾದ ನಡುಭಾಗದಲ್ಲಿ ಸಿದ್ಧವಾದ ಪಠ್ಯದಲ್ಲಿ ಅವು ಸುಮಾರು 1,500ಕ್ಕೆ ಏರಿದವು. ಆದರೆ ಎಣಿಕೆಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಒಂದು ಅಲ್ಪವಿರಾಮಕ್ಕೂ ಆವರಣ ಬೀಳುತ್ತದೆ, ಒಪ್ಪಂದದ ಜೀವಾಳವಾದ ವಿಧಿಗೂ ಬೀಳುತ್ತದೆ. ಆದ್ದರಿಂದ ಬೂಸಾನಿನ ಪಠ್ಯವನ್ನು ಇಟ್ಟುಕೊಂಡು ಕೆಲವು ವಿಧಿಗಳನ್ನು ಮಾತ್ರ ಹಿಡಿದರೆ ಸಾಕು: ಉತ್ಪನ್ನಗಳ ಬಗೆಗಿನ 3, ಉತ್ಪಾದನೆಯ ಬಗೆಗಿನ 6, ಬದಲಾವಣೆಯಿಂದ ಕೆಲಸಗಾರರ ಜೀವನೋಪಾಯಕ್ಕೆ ಪೆಟ್ಟು ಬೀಳದಂತೆ ನೋಡಿಕೊಳ್ಳುವ ನ್ಯಾಯಯುತ ಪರಿವರ್ತನೆಯ ಬಗೆಗಿನ 10, ಹಣಕಾಸಿನ ಬಗೆಗಿನ 11.

ಇವುಗಳಲ್ಲಿ 6ನೆಯ ವಿಧಿ ನಿಜವಾದ ಕದನಕಣ. ಅದರ ಮೊದಲ ಆಯ್ಕೆ ಇಂತಹ ವಿಧಿಯೇ ಬೇಡ ಎನ್ನುತ್ತದೆ. ಎರಡನೆಯ ಆಯ್ಕೆ ಪ್ರಾಥಮಿಕ ಪಾಲಿಮರುಗಳ, ಅಂದರೆ ಪ್ಲಾಸ್ಟಿಕ್ ವಸ್ತುಗಳ ಮೂಲ ಕಚ್ಚಾವಸ್ತುವಿನ, ಉತ್ಪಾದನೆಯ ಬಗ್ಗೆ ಜಾಗತಿಕ ಗುರಿಯೊಂದನ್ನು ಮುಂದೆ ಸದಸ್ಯ ದೇಶಗಳ ಸಮ್ಮೇಳನ ಗೊತ್ತುಪಡಿಸಲಿ ಎನ್ನುತ್ತದೆ. ಉತ್ಪಾದನೆಯನ್ನು ಮುಟ್ಟದೆ ಕಸವನ್ನು ಮಾತ್ರ ನಿಭಾಯಿಸಲಾಗದು ಎಂಬ ವಾದಕ್ಕೆ ಆಧಾರವಿದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಲೆಕ್ಕದಂತೆ 2019ರಲ್ಲಿ ಜಗತ್ತು ಬಳಸಿದ ಪ್ಲಾಸ್ಟಿಕ್ 46 ಕೋಟಿ ಟನ್. ತ್ಯಾಜ್ಯವಾದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಗೆ ಬಂದದ್ದು ಶೇ 9 ಮಾತ್ರ. ಒಟ್ಟಾವಾದಲ್ಲಿ ರುವಾಂಡಾ ಮತ್ತು ಪೆರು 2025ರ ಮಟ್ಟಕ್ಕಿಂತ ಶೇ 40ರಷ್ಟು ಕಡಿತವನ್ನು 2040ರೊಳಗೆ ಸಾಧಿಸಬೇಕೆಂದು ಸೂಚಿಸಿದ್ದವು. ಜಿನೀವಾದಲ್ಲಿ ಆಗಸ್ಟ್ 13ರಂದು ಅಧ್ಯಕ್ಷರು ಕೊಟ್ಟ ಕರಡಿನಲ್ಲಿ ಉತ್ಪಾದನೆಯ ವಿಧಿಯೇ ಕಾಣೆಯಾಗಿತ್ತು. ಅನೇಕ ದೇಶಗಳು ಅದನ್ನು ಅಲ್ಲಿಯೇ ತಿರಸ್ಕರಿಸಿದವು. ಆಗಸ್ಟ್ 15ರ ನಸುಕಿನಲ್ಲಿ ಬಂದ ಪರಿಷ್ಕೃತ ಕರಡು ಈಗಿನ ಉತ್ಪಾದನೆಯ ಮಟ್ಟ ಸುಸ್ಥಿರವಲ್ಲವೆಂದು ಒಪ್ಪಿತಾದರೂ ಅದಕ್ಕೆ ಮಿತಿ ಹಾಕುವ ಗೋಜಿಗೆ ಹೋಗಲಿಲ್ಲ. ಎರಡು ದಿನಗಳ ಅಂತರದ ಈ ಎರಡು ಕರಡುಗಳನ್ನು ಅಕ್ಕಪಕ್ಕ ಇಟ್ಟು ಓದುವುದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ.

ಕ್ರಿಯಾಪದಗಳ ಮೇಲೂ ಗಮನವಿರಲಿ. ನಮ್ಮ ರಾಜ್ಯದ ಕಾನೂನುಗಳಲ್ಲಿ ‘ಮಾಡತಕ್ಕದ್ದು’ ಎಂಬುದಕ್ಕೆ ಇರುವ ತೂಕ ಇಂಗ್ಲಿಷ್ ಕರಡಿನ ‘ಶಲ್’ ಎಂಬುದಕ್ಕೆ ಇದೆ. ಆದರೆ ಅದರ ಹಿಂದೆಯೇ ‘ಸೂಕ್ತವೆನಿಸಿದಲ್ಲಿ’, ‘ರಾಷ್ಟ್ರೀಯ ಪರಿಸ್ಥಿತಿಗೆ ಅನುಗುಣವಾಗಿ’ ಎಂಬಂತಹ ಮಾತುಗಳು ಬಂದರೆ ಆ ತೂಕದ ಬಹುಭಾಗ ಇಳಿದುಹೋಗುತ್ತದೆ. ಬಂಧನಕಾರಿ ಒಪ್ಪಂದವೆಂದು ಹೊಗಳಿಸಿಕೊಂಡ ಕರಡಿನಲ್ಲಿ ಇಂತಹ ಮಾತುಗಳು ಎಷ್ಟು ಬಾರಿ ಬಂದಿವೆ ಎಂದು ಹುಡುಕಿದರೆ ಹೊಗಳಿಕೆಯ ಬೆಲೆ ತಿಳಿಯುತ್ತದೆ.

ಯಾರು ಎಲ್ಲಿ ನಿಂತಿದ್ದಾರೆ

ನಾರ್ವೆ ಮತ್ತು ರುವಾಂಡಾ ನೇತೃತ್ವದ ಉನ್ನತ ಮಹತ್ವಾಕಾಂಕ್ಷೆಯ ಕೂಟವು 2040ರೊಳಗೆ ಪ್ಲಾಸ್ಟಿಕ್ ಮಾಲಿನ್ಯ ನಿಲ್ಲಬೇಕೆಂದು ಕೇಳುತ್ತದೆ. ತೈಲ ಮತ್ತು ಪೆಟ್ರೊಕೆಮಿಕಲ್ ಉತ್ಪಾದಿಸುವ ದೇಶಗಳ ಸಮಾನಮನಸ್ಕ ಗುಂಪು ಒಪ್ಪಂದ ಕಸ ನಿರ್ವಹಣೆಗೆ ಸೀಮಿತವಾಗಿರಲಿ ಎನ್ನುತ್ತದೆ. ಅಮೆರಿಕ 2024ರಲ್ಲಿ ಉತ್ಪಾದನಾ ಮಿತಿಯತ್ತ ಒಲವು ತೋರಿಸಿ, 2025ರಲ್ಲಿ ಸರ್ಕಾರ ಬದಲಾದ ಮೇಲೆ ಅದನ್ನು ಬಹಿರಂಗವಾಗಿ ವಿರೋಧಿಸಿತು. ಉದ್ಯಮದ ಪ್ರತಿನಿಧಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು; ಅಂತರರಾಷ್ಟ್ರೀಯ ಪರಿಸರ ಕಾನೂನು ಕೇಂದ್ರವು ನೋಂದಣಿ ಪಟ್ಟಿಯನ್ನು ಪರಿಶೀಲಿಸಿ ಜಿನೀವಾದಲ್ಲಿ ಇಂತಹ 234 ಮಂದಿಯನ್ನು ಗುರುತಿಸಿತ್ತು.

ಭಾರತದ ಹೇಳಿಕೆಗಳನ್ನು ಓದುವಾಗ ಅವಸರದ ತೀರ್ಪು ಬೇಡ. ಉತ್ಪಾದನೆಗೆ ಮಿತಿ ಬೇಡ, ಉತ್ಪನ್ನಗಳ ಜಾಗತಿಕ ನಿಷೇಧ ಪಟ್ಟಿ ಬೇಡ, ನಿರ್ಧಾರ ಒಮ್ಮತದಿಂದಲೇ ಆಗಬೇಕು, ಅಭಿವೃದ್ಧಿಶೀಲ ದೇಶಗಳಿಗೆ ಪ್ರತ್ಯೇಕ ಬಹುಪಕ್ಷೀಯ ನಿಧಿ ಬೇಕು ಎಂಬುದು ಅದರ ನಿಲುವಿನ ಸಾರ. ಇದೇ ದೇಶ 2022ರ ಜುಲೈ 1ರಿಂದ ಹಲವು ಏಕಬಳಕೆಯ ವಸ್ತುಗಳನ್ನು ತನ್ನೊಳಗೆ ನಿಷೇಧಿಸಿದೆ; ಕರ್ನಾಟಕವಂತೂ 2016ರಲ್ಲಿಯೇ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸುಗಳನ್ನು ನಿಷೇಧಿಸಿತ್ತು. ಮನೆಯಲ್ಲಿ ಮಾಡಿದ್ದನ್ನು ಜಾಗತಿಕ ಪಟ್ಟಿಯಾಗಿ ಏಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಾಗೆಯೇ ಹಣದ ಬೇಡಿಕೆಯನ್ನು ನೆಪವೆಂದು ತಳ್ಳಿಹಾಕುವುದೂ ಸರಿಯಲ್ಲ. ಓಝೋನ್ ರಕ್ಷಣೆಯ ಮಾಂಟ್ರಿಯಲ್ ಒಡಂಬಡಿಕೆ 1987ರಲ್ಲಿ ಆದಾಗ ಭಾರತ ಹೊರಗಿತ್ತು. 1990ರಲ್ಲಿ ಲಂಡನ್ನಿನಲ್ಲಿ ಪ್ರತ್ಯೇಕ ನಿಧಿಗೆ ಒಪ್ಪಿಗೆಯಾದ ಬಳಿಕ 1992ರಲ್ಲಿ ಅದು ಸೇರಿತು, ಮತ್ತು ಆ ಒಡಂಬಡಿಕೆ ಕೆಲಸ ಮಾಡಿತು. 11ನೆಯ ವಿಧಿಯಲ್ಲಿ ಹೊಸ ನಿಧಿಯೇ, ಈಗಿರುವ ಜಾಗತಿಕ ಪರಿಸರ ನಿಧಿಯೇ ಎಂಬ ವಾದವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು.

ಕರಡಿನ ವಿಧಿಗಳು ನಮ್ಮ ರಾಜ್ಯದಲ್ಲಿ ಎಲ್ಲಿ ತಾಗುತ್ತವೆ ಎಂದು ಗುರುತು ಹಾಕಿಕೊಂಡರೆ ಓದು ಸುಲಭವಾಗುತ್ತದೆ. 6ನೆಯ ವಿಧಿ ತಾಗುವುದು ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ಗೆ. ಅಲ್ಲಿ ಪಾಲಿಪ್ರೊಪಿಲೀನ್ ಎಂಬ ಪಾಲಿಮರನ್ನು ತಯಾರಿಸುವ ಘಟಕದ ಸಾಮರ್ಥ್ಯ ವರ್ಷಕ್ಕೆ 4.4 ಲಕ್ಷ ಟನ್. 10ನೆಯ ವಿಧಿ ತಾಗುವುದು ಬೆಂಗಳೂರಿನ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ದುಡಿಯುವವರಿಗೆ, ನಾಯಂಡಹಳ್ಳಿಯ ಗುಜರಿ ವ್ಯಾಪಾರಿಗಳಿಗೆ, ಬೀದಿಯಲ್ಲಿ ಚಿಂದಿ ಆಯುವವರಿಗೆ. ತ್ಯಾಜ್ಯ ಆಯುವವರ ಅಂತರರಾಷ್ಟ್ರೀಯ ಒಕ್ಕೂಟ ವೀಕ್ಷಕರ ಸಾಲಿನಿಂದ ಒತ್ತಾಯಿಸುತ್ತ ಬಂದ ಕಾರಣಕ್ಕೆ ಈ ವಿಧಿಯ ಕರಡಿನಲ್ಲಿ ಅವರ ಉಲ್ಲೇಖ ಉಳಿದುಕೊಂಡಿದೆ.

ದಾಖಲೆಗಳು ಸಿಗುವ ಜಾಗ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಜಾಲತಾಣದಲ್ಲಿ ಪ್ರತಿ ಅಧಿವೇಶನಕ್ಕೂ ಬೇರೆ ಪುಟವಿದೆ. ಕರಡುಗಳು, ದೇಶಗಳ ಲಿಖಿತ ಸಲ್ಲಿಕೆಗಳು, ಭಾಗವಹಿಸಿದವರ ಪಟ್ಟಿ ಅಲ್ಲಿರುತ್ತವೆ. ದಿನನಿತ್ಯದ ವಿವರಕ್ಕೆ ‘ಅರ್ಥ್ ನೆಗೋಶಿಯೇಶನ್ಸ್ ಬುಲೆಟಿನ್’ ಓದಬೇಕು. ಪೂರ್ಣ ಸಭೆಯಲ್ಲಿ ಯಾವ ದೇಶ ಏನೆಂದಿತು ಎಂಬುದನ್ನು ಅದು ಹೆಸರು ಹಿಡಿದೇ ಬರೆಯುತ್ತದೆ. ಮುಚ್ಚಿದ ಕೋಣೆಯ ಅನೌಪಚಾರಿಕ ಮಾತುಕತೆಯ ಬಗ್ಗೆ ‘ಕೆಲವು ಪ್ರತಿನಿಧಿಗಳು’ ಎಂದಷ್ಟೇ ಹೇಳುತ್ತದೆ. ಬೂಸಾನಿನಲ್ಲಿ ಬಹುಪಾಲು ಕೆಲಸ ವೀಕ್ಷಕರಿಗೆ ಪ್ರವೇಶವಿಲ್ಲದ ಕೋಣೆಗಳಲ್ಲಿಯೇ ನಡೆಯಿತು.

ಭಾರತದ ಪರವಾಗಿ ಮಾತುಕತೆ ನಡೆಸುವುದು ಕೇಂದ್ರದ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯ. ಅದರ ನಿಲುವಿನ ಬಗ್ಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಆದರೆ ವಿದೇಶ ಸಂಬಂಧಕ್ಕೆ ಧಕ್ಕೆಯಾಗುತ್ತದೆಂಬ 8(1)(ಎ) ವಿನಾಯಿತಿಯನ್ನು ತೋರಿಸಿ ಉತ್ತರ ನಿರಾಕರಿಸುವ ಸಾಧ್ಯತೆ ಇರುವುದರಿಂದ, ಆಂತರಿಕ ಟಿಪ್ಪಣಿಗಳ ಬದಲು ಈಗಾಗಲೇ ಸಲ್ಲಿಸಿದ ಹೇಳಿಕೆಗಳ ಪ್ರತಿಗಳನ್ನೂ, ಯಾವ ಉದ್ಯಮ ಸಂಘಗಳೊಡನೆ, ಯಾವ ಕಾರ್ಮಿಕ ಸಂಘಟನೆಗಳೊಡನೆ ಸಮಾಲೋಚನೆ ನಡೆಯಿತು ಎಂಬ ಪಟ್ಟಿಯನ್ನೂ ಕೇಳುವುದು ಲೇಸು. ಇನ್ನೂ ಒಳ್ಳೆಯ ದಾರಿ ನಿಮ್ಮ ಕ್ಷೇತ್ರದ ಸಂಸದರ ಮೂಲಕ ಲಿಖಿತ ಪ್ರಶ್ನೆ ಕೇಳಿಸುವುದು. ಒಪ್ಪಂದದ ಬಗ್ಗೆ ಸರ್ಕಾರದ ನಿಲುವೇನು ಎಂದು ಕೇಳಿದರೆ ಸವಕಲು ಉತ್ತರ ಬರುತ್ತದೆ. 6ನೆಯ ವಿಧಿಯ ಯಾವ ಆಯ್ಕೆಯನ್ನು ಭಾರತ ಬೆಂಬಲಿಸಿತು, 10ನೆಯ ವಿಧಿಗೆ ಯಾವ ಪಠ್ಯವನ್ನು ಸೂಚಿಸಿತು ಎಂದು ವಿಧಿಯ ಸಂಖ್ಯೆ ಮತ್ತು ಕರಡಿನ ದಿನಾಂಕದೊಡನೆ ಕೇಳಿಸಿ.