ಬಸ್ಸಿನಲ್ಲಿ ಹಾರಿಸಿದ ಅಡಿಕೆ

2023ರಲ್ಲಿ ಶಿವಮೊಗ್ಗದ ಸೋಗಾನೆ ನಿಲ್ದಾಣಕ್ಕೆ ವಿಮಾನ ಬರಲು ಶುರುವಾದ ಮೇಲೆ ನಮ್ಮ ಎಂಟನೇ ಕ್ಲಾಸಿನಲ್ಲಿ ವಿಮಾನದ್ದೇ ಮಾತು. ಒಬ್ಬ ಎದ್ದು ಕೇಳಿದ: "ಸಾರ್, ಭೂಮಿ ಪೂರ್ವಕ್ಕೆ ತಿರುಗುತ್ತೆ ಅಲ್ವಾ? ಹೆಲಿಕಾಪ್ಟರ್ ಹತ್ತಿ ಆಗುಂಬೆ ಮೇಲೆ ಸುಮ್ನೆ ನಿಂತರೆ ಉಡುಪಿ ತಾನೇ ಕೆಳಗೆ ಬರಬೇಕಲ್ಲ?"

ಲೆಕ್ಕ ಹಾಕಿದರೆ ನಮ್ಮೂರು ತಿರುಗುವ ವೇಗ ಗಂಟೆಗೆ ಸುಮಾರು 1,620 ಕಿ.ಮೀ. ಉಡುಪಿ ಬರಲು ಎರಡು ನಿಮಿಷವೂ ಬೇಡ! "ಗಾಳಿಯೂ ಭೂಮಿ ಜೊತೆಗೇ ತಿರುಗುತ್ತೆ" ಎಂದು ಬೋರ್ಡಿನ ಮೇಲೆ ಬರೆದೆ. ಬರೆದುಕೊಂಡರು, ನಂಬಲಿಲ್ಲ.

ಮರುದಿನ ಆಗುಂಬೆ ಕಡೆಯ ಬಸ್ಸಲ್ಲಿ ಅದೇ ಮಕ್ಕಳು. ಜಡಿಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಜೇಬಿನಿಂದ ಒಂದು ಅಡಿಕೆ ತೆಗೆದು ನೇರ ಮೇಲಕ್ಕೆ ಹಾರಿಸಿದೆ. ವಾಪಸ್ ಕೈಗೇ ಬಿತ್ತು. ಆ ಅರ್ಧ ಸೆಕೆಂಡಲ್ಲಿ ಬಸ್ಸು ಏಳು ಮೀಟರ್ ಮುಂದೆ ಹೋಗಿತ್ತು. ಆಮೇಲೆ ಕಿಟಕಿ ಸ್ವಲ್ಪ ಸರಿಸಿ ಟಿಕೆಟ್ ಚೂರು ಹೊರಗೆ ಹಿಡಿದೆ. ಹಿಂದಕ್ಕೆ ಕಿತ್ಕೊಂಡು ಹೋಯಿತು. ಒಳಗಿನ ಗಾಳಿ ನಮ್ಮ ಜೊತೆ ಬರುತ್ತಿತ್ತು, ಹೊರಗಿನದು ಬರುತ್ತಿರಲಿಲ್ಲ. ಭೂಮಿಯ ಗಾಳಿಯೂ ಹೀಗೆ ಹಿಂದೆ ಉಳಿದಿದ್ದರೆ ತೋಟದಲ್ಲಿ ಒಂದು ಅಡಿಕೆ ಮರ ನಿಲ್ಲುತ್ತಿತ್ತಾ?

ಹುಮ್ಮಸ್ಸಿನಲ್ಲಿ ಮತ್ತೆ ಹಾರಿಸಿದೆ. ಅಷ್ಟರಲ್ಲಿ ತಿರುವು! ಅಡಿಕೆ ಪಕ್ಕದ ಸೀಟಿನ ಅಜ್ಜಿಯ ಮಡಿಲಿಗೆ. ಅವರು ಅದನ್ನು ತಮ್ಮ ಎಲೆ ಸಂಚಿಗೆ ಸೇರಿಸಿ ಸುಮ್ಮನಾದರು.

ನನಗೆ ಅದೇ ಬೇಕಿತ್ತು ಅನ್ನಿ. ಅಡಿಕೆ ನೇರ ಹೋಗಿತ್ತು, ತಿರುಗಿದ್ದು ನಾವು. ಸಮಭಾಜಕದಲ್ಲಿ ನೆಲದ ವೇಗ 1,670, ಲಂಡನ್ ಹತ್ತಿರ ಬರೀ 1,040. ಆ ಅಡಿಕೆಯ ಹಾಗೇ, ಬಿಸಿ ನಾಡಿನಿಂದ ಮೇಲೆದ್ದು ಉತ್ತರಕ್ಕೆ ಹೊರಟ ಗಾಳಿ ತನ್ನ ಹಳೇ ವೇಗವನ್ನೂ ಹೊತ್ತೊಯ್ಯುತ್ತದೆ. ಅಲ್ಲಿನ ನೆಲಕ್ಕಿಂತ ಮುಂದೆ, ಅಂದರೆ ಪೂರ್ವಕ್ಕೆ ಓಡುತ್ತದೆ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪೂರ್ವಕ್ಕೆ ರಭಸದಿಂದ ಓಡುವ ಗಾಳಿಯ ಹೊಳೆ, ಅಂದರೆ ಜೆಟ್ ಸ್ಟ್ರೀಮ್, ಹುಟ್ಟಲು ಇದೂ ಒಂದು ಕಾರಣ. ತಿರುಗುವ ಭೂಮಿ ವಿಮಾನವನ್ನು ಮುಟ್ಟುವುದು ಈ ಗಾಳಿಯ ಮೂಲಕ.

2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲದ ಲೆಕ್ಕದಲ್ಲಿ ಗಂಟೆಗೆ 1,300 ಕಿ.ಮೀ. ದಾಟಿತ್ತು. ಆದರೆ ಬೆನ್ನಿಗಿದ್ದ ಆ ಗಾಳಿಯ ಲೆಕ್ಕದಲ್ಲಿ ಶಬ್ದದ ವೇಗವನ್ನೇನೂ ಮೀರಿರಲಿಲ್ಲ. ಓಡುವ ಬಸ್ಸಲ್ಲಿ ಮುಂಬಾಗಿಲ ಕಡೆ ನಡೆದ ಹಾಗೆ, ಅಷ್ಟೇ.

ಮಳೆಗಾಲದಲ್ಲಿ ನಮ್ಮ ತಲೆ ಮೇಲೆ, ಇನ್ನೂ ಎತ್ತರದಲ್ಲಿ, ಗಾಳಿ ಉಲ್ಟಾ ಪಶ್ಚಿಮಕ್ಕೆ ಬೀಸುತ್ತೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಹುಡುಗನ ಕಣ್ಣು ಅರಳಿತು. "ಹಾಗಾದ್ರೆ ಬಲೂನಲ್ಲಿ ಉಡುಪಿಗೆ ಹೋಗ್ಬಹುದು ಸಾರ್!"