ಫಿಲ್ಟರಿನ ರಾಡಿಯೊಳಗೆ ಹನ್ನೊಂದು ಮರಿ

ಧಾರವಾಡದ ನಮ್ಮ ಓಣಿಗೆ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ನೀರು ಬಂದ ದಿನವೇ ಮನೆಯ ತೊಳೆಯುವ ಕೆಲಸವೆಲ್ಲ ಆಗಬೇಕು. ನನ್ನ ಮೀನಿನ ತೊಟ್ಟಿಯ ಫಿಲ್ಟರಿಗೂ ಅದೇ ದಿನ ಸ್ನಾನ. ಎರಡಡಿ ಉದ್ದದ ತೊಟ್ಟಿ, 50 ಲೀಟರಿನಷ್ಟು ನೀರು ಹಿಡಿಯುತ್ತದೆ. ಅದರ ಬೆನ್ನಿಗೆ ಒಂದು ಹ್ಯಾಂಗಿಂಗ್ ಫಿಲ್ಟರ್, ಅಂದರೆ ಗಾಜಿನ ಅಂಚಿಗೆ ನೇತುಹಾಕುವ ಡಬ್ಬಿ, ಒಳಗೆ ಸ್ಪಂಜು. ಅಂಗಡಿಯವರು ಹೇಳಿಕೊಟ್ಟಂತೆ ತಿಂಗಳಿಗೊಮ್ಮೆ ಸ್ಪಂಜು ತೆಗೆದು, ನಳದ ಕೆಳಗೆ ಹಿಡಿದು, ತಿಳಿನೀರು ಬರುವವರೆಗೂ ಹಿಂಡುತ್ತಿದ್ದೆ. ಏಳೆಂಟು ತಿಂಗಳು ಹೀಗೇ ನಡೆಯಿತು.

ಇದ್ದವು ಗಪ್ಪಿ, ಮೂರು ಹೆಣ್ಣು ಎರಡು ಗಂಡು. ಗಪ್ಪಿ ಮೊಟ್ಟೆ ಇಡುವ ಜಾತಿಯಲ್ಲ, ಸರಿಸುಮಾರು ನಾಲ್ಕು ವಾರಕ್ಕೊಮ್ಮೆ ಜೀವಂತ ಮರಿ ಹಾಕುತ್ತದೆ. ಹೊಟ್ಟೆ ಡಬ್ಬಿಯ ಹಾಗೆ ಚೌಕಾಗಿ, ಅದರ ಹಿಂಬದಿಯ ಕಪ್ಪು ಕಲೆ ದಟ್ಟವಾಯಿತೆಂದರೆ ಇಂದೋ ನಾಳೆಯೋ ಎಂದು ತಿಳಿಯಬೇಕು. ನಮ್ಮವೂ ರಾತ್ರಿ ತುಂಬಿದ ಹೊಟ್ಟೆಯಲ್ಲಿದ್ದು ಬೆಳಗಾಗುವಷ್ಟರಲ್ಲಿ ತೆಳ್ಳಗಾಗಿರುತ್ತಿದ್ದವು. ಮರಿ ಮಾತ್ರ ಒಂದೂ ಕಾಣುತ್ತಿರಲಿಲ್ಲ. ದೊಡ್ಡವೇ ನುಂಗಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದೆ. ಗಪ್ಪಿ ತನ್ನ ಮರಿಯನ್ನೂ ಬಿಡುವ ಮೀನಲ್ಲ, ಹಾಗಾಗಿ ಬೇರೆ ಅನುಮಾನ ಬರಲೂ ಇಲ್ಲ.

ಒಮ್ಮೆ ಹೇಳಿದ ದಿನಕ್ಕೆ ನಳ ಬರಲಿಲ್ಲ. ಫಿಲ್ಟರಿನಿಂದ ಬೀಳುವ ನೀರು ದಾರದಷ್ಟು ಸಣ್ಣಗಾಗಿತ್ತು, ಕಾಯುವ ಹಾಗಿರಲಿಲ್ಲ. ತೊಟ್ಟಿಯದೇ ನೀರನ್ನು ಬಿಳಿ ಪ್ಲಾಸ್ಟಿಕ್ ಟಬ್ಬಿಗೆ ತೆಗೆದು ಅದರಲ್ಲೇ ಸ್ಪಂಜು ಅದ್ದಿದೆ. ಡಬ್ಬಿಯ ತಳದ ರಾಡಿಯನ್ನೂ ಅಲ್ಲಿಗೇ ಸುರಿದೆ. ರಾಡಿ ಕೆಳಗೆ ಕೂರುತ್ತ ಬಂದ ಹಾಗೆ ಏನೋ ಮಿಸುಕಿತು.

"ಗುಂಗಾಡದ ಹುಳಾ ಇರಬೇಕಪಾ, ಚೆಲ್ಲಿಬಿಡು," ಅಂದಳು ಅವ್ವ.

ಸೊಳ್ಳೆಯ ಹುಳುವಾದರೆ ಕೊಂಕುತ್ತ ಮೇಲೆ ಬಂದು ಉಸಿರಾಡುತ್ತದೆ. ಇವು ತಳಕ್ಕೆ ಅಂಟಿದಂತೆ ನಿಂತಿದ್ದವು. ಬೆರಳು ಅದ್ದಿದರೆ ಚಂಗನೆ ಇನ್ನೊಂದು ಮೂಲೆಗೆ. ಟಬ್ಬನ್ನು ಬಿಸಿಲಿಗೆ ಎಳೆದು ಬಗ್ಗಿ ನೋಡಿದೆ. ಸಾಸಿವೆಗಿಂತ ಸಣ್ಣ ಎರಡು ಕರಿ ಕಣ್ಣು, ಹಿಂದೆ ಗಾಜಿನಂಥ ಮೈ, ಅದರೊಳಗೆ ಬೆಳ್ಳಿ ಚುಕ್ಕೆಯಷ್ಟು ಹೊಟ್ಟೆ. "ಯವ್ವಾ, ಮೀನಿನ ಮರಿ ಅದಾವ!" ಎಂದು ಕೂಗಿದೆ. ಇಬ್ಬರೂ ಕೂತು ಎಣಿಸಿದೆವು, ಹನ್ನೊಂದು. ಏಳು ಒಂದು ಸೆಂಟಿಮೀಟರ್ ದಾಟಿದ್ದವು, ನಾಲ್ಕು ಇನ್ನೂ ಅದಕ್ಕಿಂತ ಸಣ್ಣವಿದ್ದವು. ಅಂದರೆ ಎರಡು ಹೆರಿಗೆಯ ಮರಿಗಳು. ದೊಡ್ಡವು ಹಲವು ವಾರ ಆ ಕತ್ತಲ ಡಬ್ಬಿಯಲ್ಲೇ ಬೆಳೆದಿದ್ದವು.

ಖುಷಿಗಿಂತ ಮೊದಲು ಹೊಟ್ಟೆಯಲ್ಲಿ ಕಲಸಿದಂತಾಯಿತು. ಇಷ್ಟು ತಿಂಗಳು ನಳದ ಕೆಳಗೆ ಹಿಂಡಿ ಬಚ್ಚಲಿಗೆ ಬಿಟ್ಟ ಕಸದಲ್ಲಿ ಎಷ್ಟು ಜೀವ ಗಟಾರ ಸೇರಿದವೋ. ಆ ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಮರುದಿನ ಫಿಲ್ಟರನ್ನು ಪೂರ್ತಿ ಬಿಚ್ಚಿ ನೋಡಿದೆ. ನೀರೆಳೆಯುವ ಕೊಳವೆಯ ಜಾಲರಿಯ ಸೀಳು 2 ಮಿಲಿಮೀಟರ್ ಇತ್ತು. ಆಗ ಹುಟ್ಟಿದ ಗಪ್ಪಿ 6-7 ಮಿಲಿಮೀಟರ್ ಉದ್ದವಿದ್ದರೂ ಅಗಲ ಏನೂ ಇಲ್ಲ, ಸಲೀಸಾಗಿ ನುಸುಳುತ್ತದೆ. ಮುಂದೆ ಸಿಗುವುದು ಇಂಪೆಲ್ಲರ್, ಗರಗರ ತಿರುಗುವ ಚಕ್ರ. ಮೈ ಮೆತ್ತಗೆ, ಹಗುರ ಇರುವುದರಿಂದ ನೀರಿನ ಜೊತೆಗೇ ಅದರ ರೆಕ್ಕೆಗಳ ಸಂದಿಯಲ್ಲಿ ಪಾರಾಗುತ್ತವೆ. ಎಲ್ಲವೂ ಅಲ್ಲ. ಪಾರಾದವಕ್ಕೆ ಮಾತ್ರ ಒಳಗೆ ತವರುಮನೆ ಇದ್ದ ಹಾಗೆ. ತಿನ್ನಲು ಬರುವ ದೊಡ್ಡ ಮೀನಿಲ್ಲ, ನೀರು ಹರಿಯುತ್ತಲೇ ಇರುವುದರಿಂದ ಆಮ್ಲಜನಕಕ್ಕೆ ಕೊರತೆಯಿಲ್ಲ, ಸ್ಪಂಜಿನ ಲೋಳೆಯಲ್ಲಿ ಬರಿಗಣ್ಣಿಗೆ ಕಾಣದ ಜೀವಿಗಳು, ನಾವು ಹಾಕಿದ ಆಹಾರದ ಪುಡಿಯೂ ಕೊನೆಗೆ ಅಲ್ಲಿಗೇ.

ಗದಗಿನ ಗೆಳೆಯನ ಬಳಿ ಇರುವುದು ಕ್ಯಾನಿಸ್ಟರ್, ತೊಟ್ಟಿಯ ಹೊರಗೆ ಇಡುವ ಮುಚ್ಚಿದ ಡಬ್ಬಿಯ ಫಿಲ್ಟರ್. ಅವನಿಗೆ ಫೋನ್ ಮಾಡಿದರೆ, "ಹೋದ ವರ್ಷ ನಮ್ಮ ಕ್ಯಾನಿಸ್ಟರ್ ಬಿಚ್ಚಿದ್ರ ತಳದಾಗ ಮರಿ ಇದ್ದವಲೇ, ಅಲ್ಲೇ ಬಿಡು, ಚೊಲೋ ಬೆಳೀತಾವ," ಎಂದ. ಈ ಮಾತಿಗೆ ನಾನು ಒಪ್ಪುವುದಿಲ್ಲ. ಕರೆಂಟು ಹೋದರೆ ಹರಿವು ನಿಲ್ಲುತ್ತದೆ. ಮುಚ್ಚಿದ ಕ್ಯಾನಿಸ್ಟರಿನಲ್ಲಿ ಉಳಿದ ಆಮ್ಲಜನಕವನ್ನು ಬ್ಯಾಕ್ಟೀರಿಯಾಗಳೇ ಖಾಲಿ ಮಾಡುತ್ತವೆ, ಮರಿಗಳಿಗೆ ಉಸಿರು ಕಟ್ಟುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಪಾಡು ಗೊತ್ತಿದ್ದದ್ದೇ.

ಹನ್ನೊಂದನ್ನೂ ಬೇರೆ ಟಬ್ಬಿಗೆ ಹಾಕಿದೆ. ಬಲೆ ಬಳಸಲಿಲ್ಲ, ನೀರಿನ ಸಮೇತ ಚಮಚದಲ್ಲಿ ಎತ್ತಿದೆ. ಟಬ್ಬಿಗೆ ಏರ್ ಪಂಪಿನಿಂದ ನಡೆಯುವ ಸಣ್ಣ ಸ್ಪಂಜ್ ಫಿಲ್ಟರ್ ಮತ್ತು ಒಂದು ಹಿಡಿ ಜಾವಾ ಮಾಸ್ ಎಂಬ ಪಾಚಿಯಂಥ ನೀರಿನ ಗಿಡ. ಒಣ ಆಹಾರವನ್ನು ಬೆರಳಲ್ಲಿ ಹಿಟ್ಟಿನಂತೆ ಉಜ್ಜಿ ದಿನಕ್ಕೆ ನಾಲ್ಕು ಸಲ, ಚಿಟಿಕೆಗಿಂತ ಕಡಿಮೆ. ಬೇಯಿಸಿದ ಮೊಟ್ಟೆಯ ಹಳದಿ ಭಾಗವನ್ನು ಬಟ್ಟೆಯಲ್ಲಿ ಹಿಂಡಿಯೂ ನೋಡಿದೆ. ತಿನ್ನುತ್ತವೆ, ಆದರೆ ನೀರು ಬೇಗ ಕೆಡುತ್ತದೆ, ಬಿಟ್ಟುಬಿಟ್ಟೆ. ಎರಡು ಸತ್ತವು, ಒಂಬತ್ತು ಉಳಿದವು.

ತೊಟ್ಟಿಯ ಕೊಳವೆಯ ಬಾಯಿಗೆ ಒರಟು ಸ್ಪಂಜಿನ ತುಂಡು ಸಿಕ್ಕಿಸಿ ದಾರದಿಂದ ಬಿಗಿದೆ. ಈಗ ಮರಿಗಳು ಅದರ ಹೊರಮೈಯನ್ನೇ ಕುಕ್ಕುತ್ತ ತಿರುಗುತ್ತವೆ. ಅಡಗಲು ಸುತ್ತ ಗಿಡ ನೆಟ್ಟಿದ್ದೇನೆ. ಕೊಳವೆಯ ಬಾಯಿಯ ಸ್ಪಂಜನ್ನು ವಾರಕ್ಕೊಮ್ಮೆ ಹಿಂಡದಿದ್ದರೆ ನೀರಿನ ಎಳೆತ ಕುಗ್ಗುತ್ತದೆ.

ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆಯ ನೀರು ನಳಕ್ಕೆ ಬರುವಾಗ ಕ್ಲೋರಿನ್ ಕೂಡಿರುತ್ತದೆ. ಮೀನಿನ ಹೊಲಸಿನ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಇರುವುದು ಇದೇ ಸ್ಪಂಜಿನಲ್ಲಿ, ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಹಾಗಾಗಿ ಮರಿ ಇರಲಿ ಬಿಡಲಿ, ತೊಳೆಯುವುದು ತೊಟ್ಟಿಯ ನೀರಿನಲ್ಲೇ.

ಡೆಂಗಿ ತಡೆಯಲು ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಿಗೆ ಬಿಡುವ ಮೀನುಗಳಲ್ಲಿ ಈ ಗಪ್ಪಿಯೂ ಒಂದು, ಗುಂಗಾಡದ ಹುಳು ಇದರ ಊಟ ಎಂದು ಅವ್ವನಿಗೆ ಹೇಳಿದ ಮೇಲೆ ಆಕೆಗೂ ಇವುಗಳ ಮೇಲೆ ಮಮತೆ ಹುಟ್ಟಿದೆ. ಹೋದ ವಾರ ಫಿಲ್ಟರ್ ತೊಳೆದ ರಾಡಿ ನೀರನ್ನು ದಾಸವಾಳದ ಬುಡಕ್ಕೆ ಹಾಕಲು ಹೊರಟಿದ್ದೆ. "ತಡಿ, ಇನ್ನೂ ತಿಳಿಯಾಗಿಲ್ಲ," ಎಂದು ಟಬ್ಬನ್ನು ಕಟ್ಟೆಯ ಬಿಸಿಲಿಗೆ ಎಳೆದುಕೊಂಡು ಕೂತಳು. ಅದರಲ್ಲಿ ಒಂದು ಮರಿ ಇತ್ತು.