ಕಾಫಿ ಕಣ, ಖಾಲಿ ಮಂಟಪ: ಪಂಚಾಂಗ ನೋಡಿ ಡರ್ಬಿ ತಂಡ ಉಳಿಸಿಕೊಂಡ ಅನುಭವ

ಚಿಕ್ಕಮಗಳೂರಿನಲ್ಲಿ ಹೆಂಗಸರ ರೋಲರ್ ಡರ್ಬಿ ತಂಡ ಒಂದು ಮಳೆಗಾಲವನ್ನೂ ದಾಟಲಾರದು ಎಂದು ನನ್ನ ಎದುರಿಗೇ ಹೇಳಿದವರು ಐದಾರು ಮಂದಿ ಇದ್ದರು. ಅವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಮಕ್ಕಳಿಗೆ ಇನ್‌ಲೈನ್ ಸ್ಕೇಟಿಂಗ್ ಕಲಿಸುವ ತರಬೇತುದಾರರೊಬ್ಬರು. ಮನೆ, ಮಕ್ಕಳು, ನೌಕರಿ ಎಲ್ಲವೂ ಇರುವ ಮೂವತ್ತು ದಾಟಿದ ಹೆಂಗಸರಿಗೆ ಎರಡು ಜೋಡಿ ಚಕ್ರದ ಕ್ವಾಡ್ ಸ್ಕೇಟ್ ಕಟ್ಟಿಸಿ ಡಿಕ್ಕಿ ಹೊಡೆಯುವುದನ್ನು ಕಲಿಸುತ್ತೇನೆ ಎಂದಾಗ ಅವರು ನಕ್ಕ ನಗು ನನಗಿನ್ನೂ ನೆನಪಿದೆ. ಈಗ ನಡೆಯುತ್ತಿರುವುದು ನಮ್ಮ ನಾಲ್ಕನೆಯ ವರ್ಷ. ಹಾಜರಿ ಪುಸ್ತಕದಲ್ಲಿ 14 ಹೆಸರುಗಳಿವೆ, ಪ್ರತಿ ಅಭ್ಯಾಸಕ್ಕೂ ಹತ್ತು ಹನ್ನೊಂದು ಮಂದಿ ತಪ್ಪದೆ ಬರುತ್ತಾರೆ. ಇದು ಹೇಗಾಯಿತು ಎಂದು ಕೇಳುವ ಆಟಗಾರ್ತಿಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ; ಆದ್ದರಿಂದ ಆಟವನ್ನು ಉದ್ದಕ್ಕೆ ವಿವರಿಸಲು ಹೋಗುವುದಿಲ್ಲ. ಹೊಸಬರಿಗೆ ಇಷ್ಟು ಸಾಕು: ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಎರಡು ತಂಡಗಳು ಸುತ್ತುತ್ತವೆ; ಎದುರಾಳಿಗಳನ್ನು ದಾಟಿ ಅಂಕ ಗಳಿಸುವವಳು ಜಾಮರ್, ಗೋಡೆಯಂತೆ ನಿಂತು ಅವಳನ್ನು ತಡೆಯುವವರು ಬ್ಲಾಕರ್, ಅವರಲ್ಲಿ ಬೇಕಾದಾಗ ಜಾಮರ್ ಆಗಬಲ್ಲವಳು ಪಿವೊಟ್, ಎರಡೂ ತಂಡದ ಬ್ಲಾಕರ್ ಗುಂಪು ಪ್ಯಾಕ್, ಹೆಚ್ಚೆಂದರೆ ಎರಡು ನಿಮಿಷದ ಒಂದು ಸರದಿ ಜಾಮ್.

ನನಗೆ ಈ ಆಟದ ಹುಚ್ಚು ಹತ್ತಿದ್ದು ಯಜಮಾನರ ಕೆಲಸದ ನಿಮಿತ್ತ ಮೆಲ್ಬರ್ನ್‌ನಲ್ಲಿ ಮೂರು ವರ್ಷ ಇದ್ದಾಗ. ಅಮೆರಿಕದ ಆಟಗಾರ್ತಿಯರು 2004ರಲ್ಲಿ ತಾವೇ ಕಟ್ಟಿಕೊಂಡ ಸಂಘದ ನಿಯಮಗಳ ಪ್ರಕಾರವೇ ಅಲ್ಲಿಯೂ ಆಟ ನಡೆಯುತ್ತಿತ್ತು. ಆಡುವವರೇ ಟ್ರ್ಯಾಕ್ ಎಳೆಯಬೇಕು, ಆಡುವವರೇ ನೆಲ ಒರೆಸಬೇಕು, ಲೆಕ್ಕವನ್ನೂ ಆಡುವವರೇ ಬರೆಯಬೇಕು ಎಂಬ ಪದ್ಧತಿ ಅಲ್ಲಿ ವಿಚಿತ್ರವೆನಿಸಿದ್ದರೂ, ಊರಿಗೆ ಮರಳಿ ಕಾಫಿ ಪುಡಿ ಅಂಗಡಿ ಇಟ್ಟು ತಂಡ ಕಟ್ಟಲು ಹೊರಟಾಗ ಕೈಹಿಡಿದದ್ದು ಅದೊಂದೇ.

ಮೊದಲ ವರ್ಷ ಪೂರ್ತಿ ಜಾಗದ ಹುಡುಕಾಟದಲ್ಲಿ ಕಳೆಯಿತು. ಹೊಸ ಬಡಾವಣೆಯೊಂದರ ಡಾಂಬರು ರಸ್ತೆಯಲ್ಲಿ ಆರಂಭಿಸಿ, ನಾಯಿಗಳ ಕಾಟಕ್ಕೂ ಬೈಕ್ ಸವಾರರ ನೋಟಕ್ಕೂ ಬೇಸತ್ತು ಮೂರೇ ವಾರಕ್ಕೆ ನಿಲ್ಲಿಸಿದೆವು. ಮರದ ನೆಲದ ಬ್ಯಾಡ್ಮಿಂಟನ್ ಅಂಕಣದವರು ಚಕ್ರವೆಂಬ ಮಾತು ಕಿವಿಗೆ ಬಿದ್ದೊಡನೆ ಬಾಗಿಲು ಹಾಕಿಕೊಂಡರು. ಶಾಲೆಯೊಂದರ ಅಂಗಳ ಸಿಕ್ಕಿತು, ಆದರೆ ಅಲ್ಲಿ ಹಾಸಿದ್ದ ಕಡಪಾ ಕಲ್ಲುಗಳ ಸಂದುಗಳಿಗೆ ಚಕ್ರ ಸಿಕ್ಕಿಕೊಂಡು ಒಂದೇ ಸಂಜೆಗೆ ನಾಲ್ವರು ಬಿದ್ದರು. ಬಾಡಿಗೆ, ಮುಂಗಡ, ಸವೆದು ಹಾಳಾದ ಗಟ್ಟಿ ಚಕ್ರಗಳು ಎಲ್ಲ ಸೇರಿ ಆ ವರ್ಷ ನನ್ನ ಕೈಯಿಂದಲೇ 22,000 ರೂಪಾಯಿಯಷ್ಟು ಹೋಯಿತು. ಮಳೆಗಾಲ ಬರುವ ಹೊತ್ತಿಗೆ ತಂಡದಲ್ಲಿ ಉಳಿದಿದ್ದವರು ಐವರು. ತರಬೇತುದಾರರ ಮಾತು ನಿಜವಾಯಿತೆಂದೇ ನಾನೂ ತಿಳಿದಿದ್ದೆ.

ಮರುವರ್ಷ ಏಪ್ರಿಲ್‌ನಲ್ಲಿ, ನಮ್ಮ ಅಂಗಡಿಗೆ ಕಾಫಿ ಕೊಡುವ ಆಲ್ದೂರು ಕಡೆಯ ಗೌಡರ ತೋಟಕ್ಕೆ ಲೆಕ್ಕ ಚುಕ್ತಾ ಮಾಡಲು ಹೋಗಿದ್ದೆ. ರೊಬಸ್ಟಾ ಕೊಯ್ಲೂ ಮುಗಿದು, ಹೂಮಳೆಯೂ ಬಿದ್ದು, ಕಣ ಖಾಲಿ ಬಿದ್ದಿತ್ತು. ಸುಮಾರು 120 ಅಡಿ ಉದ್ದ, 80 ಅಡಿ ಅಗಲದ ಸಿಮೆಂಟು ಕಣ; ಒಂದು ಬೇಲಿಯಿಲ್ಲ, ಒಂದು ಕಂಬವಿಲ್ಲ. ನಮ್ಮ ಟ್ರ್ಯಾಕ್‌ಗೆ ಬೇಕಾದದ್ದು ಹೆಚ್ಚು ಕಡಿಮೆ 88 ಅಡಿ ಉದ್ದ, 55 ಅಡಿ ಅಗಲ, ಅದರ ಸುತ್ತ ಬಿದ್ದವರು ಜಾರಿಹೋಗಲು ಒಂದಿಷ್ಟು ಜಾಗ. ಹೆಜ್ಜೆ ಹಾಕಿ ಅಳೆದು ನೋಡುತ್ತಿದ್ದ ನನ್ನನ್ನು ಕಂಡು ತೋಟದ ಲೆಕ್ಕ ಬರೆಯುವ ರೈಟರು, ‘ಏನಮ್ಮಾ, ಕಣ ಕೊಂಡುಕೊಳ್ತೀರಾ?’ ಎಂದರು.

ಗೌಡರಿಗೆ ಬಾಡಿಗೆ ಬೇಕಿರಲಿಲ್ಲ. ಮಳೆ ಕಳೆದ ಮೇಲೆ ಕಣದ ಮೇಲೆ ಕಟ್ಟುವ ಪಾಚಿಯನ್ನು ಉಜ್ಜಿ ತೆಗೆಯಲು ಪ್ರತಿ ವರ್ಷ ಎಂಟು ಹತ್ತು ಆಳುಗಳ ಕೂಲಿ ಬೀಳುತ್ತದೆಂದೂ, ಆ ಹೊತ್ತಿನಲ್ಲಿ ಆಳು ಸಿಗುವುದೇ ಕಷ್ಟವೆಂದೂ ಅವರು ಹೇಳಿದಾಗ, ಆ ಕೆಲಸ ನಮ್ಮದು ಎಂದು ಅಲ್ಲಿಯೇ ಒಪ್ಪಿಕೊಂಡೆ. ಅಂದಿನಿಂದ ಇಂದಿನವರೆಗೂ ದಸರಾ ಮುಗಿದ ನಂತರದ ಎರಡು ಭಾನುವಾರ ನಾವೆಲ್ಲ ತಂತಿ ಬ್ರಷ್ಷು, ಬ್ಲೀಚಿಂಗ್ ಪುಡಿ, ಕಡ್ಡಿ ಪೊರಕೆ ಹಿಡಿದು ಕಣ ತೊಳೆಯುತ್ತೇವೆ. ಅವರು ಹಾಕಿದ ಷರತ್ತು ಒಂದೇ ಒಂದು: ಕಣದಲ್ಲಿ ಎಣ್ಣೆ, ಸೀಮೆಎಣ್ಣೆ, ಅಂಟು ಯಾವುದರ ವಾಸನೆಯೂ ಉಳಿಯಬಾರದು. ಒಣಗುವ ಕಾಫಿ ಪಕ್ಕದಲ್ಲಿದ್ದುದರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ ಎಂಬುದು ಕಾಫಿ ಪುಡಿ ಮಾರುವ ನನಗೆ ಯಾರೂ ಹೇಳಿಕೊಡಬೇಕಾದದ್ದಲ್ಲ. ಆದರೂ ಆಟಗಾರ್ತಿಯೊಬ್ಬಳು ಕಣದ ಅಂಚಿನಲ್ಲಿ ಕುಳಿತು ಸೀಮೆಎಣ್ಣೆಯಲ್ಲಿ ಬೇರಿಂಗ್ ತೊಳೆದ ದಿನ ನಾವು ಇಡೀ ಮೂಲೆಯನ್ನು ಸೋಪು ಹಾಕಿ ಮೂರು ಸಲ ತಿಕ್ಕಬೇಕಾಯಿತು.

ಕಣ ಸಮತಟ್ಟಲ್ಲ ಎಂಬುದು ಗೊತ್ತಾದದ್ದು ಚಕ್ರ ಉರುಳಿದ ಮೇಲೆ. ಮಳೆನೀರು ನಿಲ್ಲಬಾರದೆಂದು ಉದ್ದಕ್ಕೂ ಸುಮಾರು ಒಂದಡಿಯಷ್ಟು ಇಳಿಜಾರು ಕೊಟ್ಟಿರುತ್ತಾರೆ. ಹೀಗಾಗಿ ಒಂದು ನೇರ ದಾರಿ ಇಳಿತ, ಇನ್ನೊಂದು ಏರು. ಮೊದಲು ಇದೊಂದು ಶಾಪವೆನಿಸಿತು. ಇಳಿತದಲ್ಲಿ ಪ್ಯಾಕ್ ಚದುರುತ್ತಿತ್ತು, ಏರಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಎರಡು ತಿಂಗಳು ಕಳೆದ ಮೇಲೆ ಆ ಇಳಿಜಾರೇ ನಮ್ಮ ಗುರುವಾಯಿತು: ಇಳಿತದಲ್ಲಿ ಪ್ಲೋ ಸ್ಟಾಪ್ (ಕಾಲು ಅಗಲಿಸಿ, ಹಿಮ್ಮಡಿ ಹೊರಕ್ಕೆ ಒತ್ತಿ ನಿಲ್ಲುವುದು) ಹಾಕಿ ಮೂವರ ಗೋಡೆ ಒಡೆಯದಂತೆ ನಿಲ್ಲುವುದನ್ನು ಕಲಿತವರಿಗೆ ಸಮತಟ್ಟು ನೆಲದಲ್ಲಿ ಗೋಡೆ ಹಿಡಿಯುವುದು ಲೆಕ್ಕಕ್ಕೇ ಇಲ್ಲ. ಹಳೆಯ ಕನಿಷ್ಠ ಕೌಶಲ ಪರೀಕ್ಷೆಯಲ್ಲಿದ್ದ 5 ನಿಮಿಷಕ್ಕೆ 27 ಸುತ್ತಿನ ಗುರಿಯನ್ನು ಮೊದಲ ಬಾರಿ ಕಣದಲ್ಲಿ ಪ್ರಯತ್ನಿಸಿದಾಗ ಎಲ್ಲರಿಗಿಂತ ಮುಂದಿದ್ದವಳಿಗೆ ಆದದ್ದು 17. ಈಗ 14 ಮಂದಿಯಲ್ಲಿ 11 ಮಂದಿ 27 ದಾಟಿದ್ದಾರೆ, ಅದೂ ಏರು ಇಳಿತದ ಕಣದಲ್ಲಿ. ನಾನು 28ಕ್ಕೆ ನಿಂತಿದ್ದೇನೆ, ನನಗೆ 41 ವಯಸ್ಸು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಕಣದ ನಿಜವಾದ ಶತ್ರು ಇಳಿಜಾರಲ್ಲ, ಚೆರಿ, ಅಂದರೆ ಸಿಪ್ಪೆಯೊಂದಿಗೇ ಒಣಗಿದ ಕಾಫಿ ಹಣ್ಣು. ಎಷ್ಟೇ ಗುಡಿಸಿದರೂ ಸಿಮೆಂಟಿನ ಬಿರುಕಿನಲ್ಲಿ ಒಂದೆರಡು ಉಳಿದಿರುತ್ತವೆ. ಕಡಲೆಕಾಳಿಗಿಂತ ತುಸು ದೊಡ್ಡದಾದ, ಕಪ್ಪಗೆ ಕಲ್ಲಿನಂತಾದ ಆ ಕಾಯಿ ಮುಂಚಕ್ರದ ಕೆಳಗೆ ಬಂದರೆ ಚಕ್ರ ಅದನ್ನು ಪುಡಿ ಮಾಡುವುದಿಲ್ಲ, ಹತ್ತುವುದೂ ಇಲ್ಲ, ನಿಂತೇಬಿಡುತ್ತದೆ. ಮೈ ಮಾತ್ರ ಮುಂದೆ ಹೋಗುತ್ತದೆ. ಹೀಗೆ ಹೋದವರಲ್ಲಿ ನಾನೂ ಒಬ್ಬಳು. ಮಂಡಿ ಪ್ಯಾಡಿನ ಪ್ಲಾಸ್ಟಿಕ್ ಚಿಪ್ಪು ಎರಡಾಗಿ ಸೀಳಿತ್ತು, ಕಾಯಿ ಮಾತ್ರ ಇಡಿಯಾಗಿ ಅಲ್ಲಿಯೇ ಕುಳಿತಿತ್ತು. ಅಲ್ಲಿಂದಾಚೆಗೆ ಅಭ್ಯಾಸಕ್ಕೆ ಮುಂಚೆ ಎಲ್ಲರೂ ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು ಬಿರುಕುಗಳನ್ನು ಕೆದಕುವುದು ನಿಯಮವಾಯಿತು. ಅದರಿಂದ ತೊಡೆಗೆ ಬೇಕಾದ ವ್ಯಾಯಾಮವೂ ಆಗುತ್ತದೆ.

ಟ್ರ್ಯಾಕ್ ಎಳೆಯುವುದರಲ್ಲಿ ನಾನು ಮಾಡಿದ ತಪ್ಪನ್ನು ಬೇರೆಯವರು ಮಾಡಬಾರದು. ನಡುವೆ 35 ಅಡಿ ಅಂತರದಲ್ಲಿ ಎರಡು ಬಿಂದು ಗುರುತಿಸಿ, ಹಗ್ಗ ಹಿಡಿದು 12.5 ಅಡಿ ತ್ರಿಜ್ಯದಲ್ಲಿ ಒಳಗೆರೆ, ಬಿಂದುಗಳನ್ನು ಒಂದೊಂದು ಅಡಿ ಸರಿಸಿಕೊಂಡು 26.5 ಅಡಿಯಲ್ಲಿ ಹೊರಗೆರೆ ಎಳೆಯುವುದು ಎಲ್ಲರಿಗೂ ಗೊತ್ತು. ಅಂಟಿನ ಟೇಪು ಬೇಡವೆಂದಿದ್ದ ಗೌಡರ ಮಾತಿಗೆ ಕಟ್ಟುಬಿದ್ದು ನಾನು ರಂಗೋಲಿ ಪುಡಿ ಬಳಸಿದೆ. ನೋಡಲು ಬಹಳ ಚೆನ್ನಾಗಿತ್ತು. ಎರಡು ವಾರದೊಳಗೆ ಆ ಪುಡಿ ಎಲ್ಲರ ಬೇರಿಂಗಿನೊಳಗೂ ಸೇರಿ, 80 ಬೇರಿಂಗುಗಳಲ್ಲಿ ಅರ್ಧಕ್ಕರ್ಧ ಕರಕರ ಎನ್ನತೊಡಗಿದವು. ಈಗ ತೆಳುವಾದ ಹಗ್ಗ ಹಾಸಿ, ಅದನ್ನು ಕಣಕ್ಕೆ ಅಂಟಿಸದೆಯೇ ಅಲುಗದಂತೆ ನಿಲ್ಲಿಸುತ್ತೇವೆ. ಗೆರೆ ಕಣ್ಣಿಗೆ ಕಾಣದಿದ್ದರೂ ಚಕ್ರಕ್ಕೆ ತಗುಲಿ ಕಾಲಿಗೆ ತಿಳಿಯುತ್ತದೆ. ಹೇಗೆ ನಿಲ್ಲಿಸುತ್ತೇವೆ ಎಂಬುದನ್ನು ಕಣಕ್ಕೆ ಬಂದು ಪಾಚಿ ಉಜ್ಜಿದವರಿಗೆ ಮಾತ್ರ ತೋರಿಸುತ್ತೇನೆ.

ಕಣ ಸಿಕ್ಕಿದರೂ ಮಳೆಗಾಲದ ಪ್ರಶ್ನೆ ಹಾಗೆಯೇ ಉಳಿದಿತ್ತು. ಆರಿದ್ರೆ ಮಳೆಯಿಂದ ಪುಷ್ಯ ಮಳೆಯವರೆಗೆ ನಮ್ಮ ಕಡೆ ಹೊರಗೆ ಚಕ್ರವಿಡುವ ಮಾತೇ ಇಲ್ಲ. ಇದಕ್ಕೆ ದಾರಿ ತೋರಿಸಿದವರು ನಮ್ಮ ಅತ್ತೆ. ಮಂಟಪದವರಿಗೆ ಆಷಾಢದಲ್ಲಿ ಲೈಟು ಬಿಲ್ಲು ಕಟ್ಟುವಷ್ಟೂ ಹುಟ್ಟುವುದಿಲ್ಲ ಎಂದು ಅವರು ಯಾರ ಮದುವೆಯ ಮಾತಿನ ನಡುವೆಯೋ ಅಂದರು. ಮರುದಿನವೇ ಹೋಗಿ ಕೇಳಿದೆ. ಲಗ್ನದ ದಿನಗಳಲ್ಲಿ 50,000ಕ್ಕೆ ಕಡಿಮೆ ಮಾತಾಡದ ಕಲ್ಯಾಣ ಮಂಟಪ ಆಷಾಢದ ಸಂಜೆ ಮೂರು ತಾಸಿಗೆ 1,500 ರೂಪಾಯಿಗೆ ಸಿಕ್ಕಿತು. ಎಂಟು ಸಂಜೆಗೆ 12,000, ತಲೆಗೆ 900ರ ಒಳಗೆ. ಪಿತೃಪಕ್ಷದಲ್ಲೂ ಧನುರ್ಮಾಸದಲ್ಲೂ ಇದೇ ದರ. ಕಣದಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಬೀಜ, ಅಂದರೆ ಅರೇಬಿಕಾ ಪಾರ್ಚ್‌ಮೆಂಟ್ ಹರಡಿರುವ ಡಿಸೆಂಬರ್ ಜನವರಿಯಲ್ಲಿಯೇ ಧನುರ್ಮಾಸ ಬರುವುದರಿಂದ, ಕಣ ಇಲ್ಲದಾಗ ಮಂಟಪ, ಮಂಟಪ ಇಲ್ಲದಾಗ ಕಣ ಎಂದು ವರ್ಷವನ್ನು ಹೊಂದಿಸಿಕೊಳ್ಳಲು ಸಾಧ್ಯವಾಯಿತು. ಎರಡೂ ಸಿಗದ ಫೆಬ್ರವರಿ ಮಾರ್ಚ್ ನಮ್ಮ ರಜೆ. ಹೇಗೂ ತಂಡದ ಅರ್ಧ ಮಂದಿಗೆ ಆಗ ತೋಟದ ಕೆಲಸವೋ ಮಕ್ಕಳ ಪರೀಕ್ಷೆಯೋ ಇರುತ್ತದೆ.

ಮಂಟಪದಲ್ಲಿ ಇಡೀ ಟ್ರ್ಯಾಕ್ ಹಿಡಿಯುವುದಿಲ್ಲ. ಒಂದು ತಿರುವು ಮಾತ್ರ ಎಳೆದು ಗೋಡೆ ಕಟ್ಟುವುದು, ಒಡೆಯುವುದು, ಬೀಳುವುದು, ಮೂರೆಣಿಸುವುದರೊಳಗೆ ಏಳುವುದು, ಇಷ್ಟನ್ನೇ ಮಾಡುತ್ತೇವೆ. ಕಂಬಗಳಿಗೆ ಬೀಗರ ಕೋಣೆಯ ಹಾಸಿಗೆಗಳನ್ನು ಸುತ್ತಿ ಕಟ್ಟುತ್ತೇವೆ. ತೊಂದರೆಯೆಂದರೆ ನುಣುಪಾದ ಗ್ರಾನೈಟ್ ನೆಲ. ಕಣಕ್ಕೆ ಹಾಕುವ ಮೆತ್ತನೆಯ 78ಎ ಚಕ್ರಗಳೂ ಅಲ್ಲಿ ಮೊದಲ ಸಂಜೆ ಬೆಣ್ಣೆಯ ಮೇಲೆ ಓಡಿದಂತೆ ಓಡಿದವು. ಈಗ ಜಾರುವುದಿಲ್ಲ. ನೆಲ ಒರೆಸುವ ಬಕೆಟ್ಟಿಗೆ ಏನು ಹಾಕುತ್ತೇವೆ ಎಂಬುದನ್ನು ಬರೆಯಲಾರೆ. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಇರುವೆ ಮುತ್ತುತ್ತದೆ, ಆದ್ದರಿಂದ ಹೊರಡುವ ಮುಂಚೆ ಎರಡು ಸಲ ಬಿಸಿನೀರಿನಲ್ಲಿ ಒರೆಸಿಕೊಡಬೇಕು ಎಂಬಷ್ಟು ಹೇಳಿದರೆ ಸಾಕು.

ಹಣದ ವಿಷಯಕ್ಕೆ ಬಂದರೆ, ಒಂದು ಜೊತೆ ಆರಂಭಿಕ ಕ್ವಾಡ್, ಹೆಲ್ಮೆಟ್, ಪ್ಯಾಡು, ಹಲ್ಲುಕವಚ ಸೇರಿ ಆಗ 10,000 ರೂಪಾಯಿಯ ಆಸುಪಾಸು ಬೀಳುತ್ತಿತ್ತು. ಅಂಗನವಾಡಿಯಲ್ಲಿ ದುಡಿಯುವವರೂ ಸೀರೆ ಅಂಗಡಿಯಲ್ಲಿ ನಿಲ್ಲುವವರೂ ಒಮ್ಮೆಗೇ ಕೊಡಬಲ್ಲ ಮೊತ್ತ ಇದಲ್ಲ. ಹತ್ತು ಮಂದಿ ತಿಂಗಳಿಗೆ ಸಾವಿರದಂತೆ ಹರಾಜಿಲ್ಲದ ಚೀಟಿ ಹಾಕಿ, ಹೆಸರು ಎತ್ತಿದವರಿಗೆ ನಗದಿನ ಬದಲು ಸ್ಕೇಟ್ ಕೊಟ್ಟೆವು. ಚೀಟಿ ಬೀಳದವರು ಬಿದ್ದವರ ಜೊತೆ ಹಂಚಿಕೊಂಡರು; ಒಂದೇ ಅಳತೆಯ ಪಾದದವರಿಗೆ ಬೆನ್ನುಬೆನ್ನಿಗೆ ಚೀಟಿ ಬೀಳದಂತೆ ಮೊದಲೇ ಗುಂಪು ಮಾಡಿದ್ದರಿಂದ ಮೂರನೆಯ ತಿಂಗಳಿಗೇ ಎಲ್ಲರ ಕಾಲಿಗೂ ಚಕ್ರ ಸಿಕ್ಕಿತು. ಹಂಚಿಕೊಳ್ಳುವುದರ ಬೆಲೆಯನ್ನೂ ತೆತ್ತಿದ್ದೇವೆ. ಮಣಿಕಟ್ಟಿನ ಪ್ಯಾಡು ಇನ್ನೊಬ್ಬಳ ಕೈಯಲ್ಲಿದೆಯೆಂದು ಬರಿಗೈಯಲ್ಲಿ ಇಳಿದ ಬ್ಲಾಕರ್ ಒಬ್ಬಳ ಮಣಿಕಟ್ಟು ಮುರಿದು 30,000ಕ್ಕೂ ಹೆಚ್ಚು ಖರ್ಚಾಯಿತು. ವಿಮೆಯವರು ಇದು ಸಾಹಸ ಕ್ರೀಡೆ ಎಂದು ಕೈಯೆತ್ತಿಬಿಟ್ಟರು. ಅವಳ ಮನೆಯವರ ಮುಂದೆ ನಿಂತು ತಲೆ ತಗ್ಗಿಸಿದ್ದು ನಾನು. ಆಮೇಲೆ ಎಲ್ಲರೂ ತಿಂಗಳಿಗೆ ನೂರು ರೂಪಾಯಿ ಹಾಕುವ ‘ಮೂಳೆ ನಿಧಿ’ ಆರಂಭವಾಯಿತು. ಅವಳು ನಾಲ್ಕೂವರೆ ತಿಂಗಳಿಗೆ ಮರಳಿ ಬಂದಳು, ಈಗ ನಮ್ಮ ಪಿವೊಟ್.

ಹಾಜರಿಗೆ ತೋಟದಲ್ಲಿ ಆಳುಗಳ ಲೆಕ್ಕ ಇಡುವ ಮಸ್ಟರ್ ಪದ್ಧತಿಯನ್ನೇ ತಂದೆ. ಪೂರ್ತಿ ಬಂದರೆ ಒಂದು ಆಳು, ತಡವಾಗಿ ಬಂದರೆ ಅರ್ಧ ಆಳು. ಆಡಲಾಗದ ದಿನ ಬಂದು ಸೀಟಿ ಊದಿದರೂ ಮಗು ನೋಡಿಕೊಂಡರೂ ಒಂದು ಆಳೇ. ಮೊದಲ ಜಾಮ್‌ಗೆ ಯಾರು ಇಳಿಯಬೇಕೆಂಬುದು ಕೌಶಲದ ಮೇಲಲ್ಲ, ಆಳಿನ ಲೆಕ್ಕದ ಮೇಲೆ. ಇದರ ಬಗ್ಗೆ ಜಗಳವಾಗಿದೆ, ವೇಗದ ಹುಡುಗಿಯೊಬ್ಬಳು ಬಿಟ್ಟೂ ಹೋದಳು, ನಾನು ಬದಲಿಸಲಿಲ್ಲ. ಆನೆ ಬಂದಿದೆ ಎಂದು ಅರಣ್ಯ ಇಲಾಖೆಯ ಸಂದೇಶ ಬಂದ ದಿನ ಮಾತ್ರ ಎಲ್ಲರಿಗೂ ಪೂರ್ತಿ ಹಾಜರಿ.

ಉಳಿತಾಯದ ಹುಚ್ಚಿನಲ್ಲಿ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದ್ದೇನೆ. ರಂಗೋಲಿಯಿಂದ ಹಾಳಾದ ಬೇರಿಂಗುಗಳ ಬದಲಿಗೆ ಹಾಸನದ ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ 608 ಅಳತೆಯವನ್ನೇ ಒಂದಕ್ಕೆ ನಲವತ್ತು ರೂಪಾಯಿಯಂತೆ ತಂದೆ. ಒಳಗಿನ ಗಟ್ಟಿ ಗ್ರೀಸು ತೊಳೆದು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ ಮೇಲೆ ಒಂದು ವರ್ಷ ಚೆನ್ನಾಗಿಯೇ ಓಡಿದವು. ಈಗಲೂ ಅಭ್ಯಾಸಕ್ಕೆ ಅವೇ. ಟೈರ್ ರಿಸೋಲ್ ಮಾಡುವವರಲ್ಲಿ ಟೋ ಸ್ಟಾಪ್ (ಸ್ಕೇಟಿನ ಮುಂತುದಿಯ ರಬ್ಬರು ಬ್ರೇಕು) ಮಾಡಿಸಿದ್ದು ಮಾತ್ರ ಪೂರ್ಣ ಸೋಲು. ರಬ್ಬರು ಎಷ್ಟು ಗಟ್ಟಿಯೆಂದರೆ ನಿಲ್ಲುವ ಬದಲು ಕಪ್ಪೆಯಂತೆ ಕುಪ್ಪಳಿಸಿಕೊಂಡು ಹೋದೆ.

ಕಳೆದ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಿಂದ ಹತ್ತು ಹುಡುಗಿಯರು ಆಡಲು ಬಂದರು. ಎಲ್ಲರೂ ಚಿಕ್ಕಂದಿನಿಂದ ಸ್ಕೇಟ್ ಮಾಡಿದವರು, ನಮ್ಮಲ್ಲಿ ಹಲವರ ಮಕ್ಕಳ ವಯಸ್ಸಿನವರು. ಪೂರ್ಣಾವಧಿಯ ಬದಲು 20 ನಿಮಿಷದ ಎರಡು ಅವಧಿ ಎಂದು ಒಪ್ಪಿಕೊಂಡೆವು. ನಿವೃತ್ತ ಬಸ್ ಕಂಡಕ್ಟರೊಬ್ಬರು ತಮ್ಮ ಹಳೆಯ ಸೀಟಿಯನ್ನೇ ತಂದಿದ್ದರು. ದಂಡ ಬಿದ್ದವರು 30 ಸೆಕೆಂಡು ಕುಳಿತುಕೊಳ್ಳಲು ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ. ಬಯಲಿನಲ್ಲಿ ಅವರ ಜಾಮರ್‌ಗಳನ್ನು ಹಿಡಿಯುವುದು ನಮ್ಮಿಂದ ಆಗದ ಮಾತು. ಆದರೆ ಅವರು ಏರಿನ ದಾರಿಗೆ ಬರುವ ಮುಂಚೆಯೇ ನಮ್ಮ ಮೂವರು ಸೊಂಟಕ್ಕೆ ಸೊಂಟ ಹಚ್ಚಿ ನಿಂತು, ಪ್ಯಾಕನ್ನು ಆಮೆ ನಡಿಗೆಗೆ ಇಳಿಸಿಬಿಡುತ್ತಿದ್ದರು. ಓಡಿ ಬಂದ ವೇಗವೆಲ್ಲ ಅಲ್ಲಿ ಸತ್ತುಹೋಗುತ್ತಿತ್ತು. ಒಂದು ಜಾಮ್‌ನಲ್ಲಿ ಪೂರ್ತಿ ಎರಡು ನಿಮಿಷ ಅವರ ಜಾಮರ್ ನಮ್ಮ ಅಂಗನವಾಡಿ ಟೀಚರ ಬೆನ್ನ ಹಿಂದೆಯೇ ಇದ್ದಳು. ಅಂಕ ನಮ್ಮ 118ಕ್ಕೆ ಅವರದು 91 ಎಂದು ನೆನಪು, ಒಂದೆರಡು ಆಚೀಚೆ ಇರಬಹುದು. ಏರು ಎಲ್ಲಿದೆಯೆಂದು ನಮಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಸಮತಟ್ಟು ನೆಲದಲ್ಲಿ ಮರುಪಂದ್ಯ ಆಡಲು ಮಾರ್ಚ್ ಕಳೆದ ಮೇಲೆ ಬರುತ್ತೇವೆಂದು ಮಾತು ಕೊಟ್ಟಿದ್ದೆವು, ಚಾರ್ಜು ಹೊಂದಿಸಲಾಗದೆ ಇನ್ನೂ ಹೋಗಿಲ್ಲ. ಅಂದು ನೋಡಲು ಬಂದಿದ್ದ ತರಬೇತುದಾರರು ಏನೂ ಹೇಳಲಿಲ್ಲ. ಮರುವಾರ ತಮ್ಮ ತಂಗಿಯನ್ನು ಕಳುಹಿಸಿದರು. ಆ ತಂಗಿಗೂ ಮೊದಲ ತಿಂಗಳು ಬರೀ ಬೀಳುವ ಪಾಠ.

ಸದ್ಯಕ್ಕೆ ಉಳಿದಿರುವ ತಲೆನೋವು ಮಂಟಪದ್ದು. ಆಷಾಢದಲ್ಲೂ ಗಿರಾಕಿ ಇದೆ ಎಂಬುದು ಮಾಲೀಕರಿಗೆ ಈಗ ತಿಳಿದುಹೋಗಿದೆ. ಈ ವರ್ಷ ಸಂಜೆಗೆ 2,200 ಎಂದಿದ್ದಾರೆ, ನಾವು 1,700 ಎಂದಿದ್ದೇವೆ, ನೆಲ ಒರೆಸುವ ಕೆಲಸ ಹೇಗೂ ನಮ್ಮದೇ ಎಂದು ಅತ್ತೆಯವರು ಅವರ ಹೆಂಡತಿಯ ಬಳಿ ಮಾತಾಡಿ ಬಂದಿದ್ದಾರೆ.